ಮಾವಿನ ಹೂವಿಗೆ ಬೈಯುತ್ತ ತೆಗೆದ ಫೋಟೋ

ಕಳೆದ ರವಿವಾರ ನಾನೊಂದು ಮಾವಿನ ಮರಕ್ಕೆ ಬಾಯಿಗೆ ಬಂದಂತೆ ಬೈದೆ. ಒಬ್ಬಳೇ ಅಲ್ಲ, ಆ ಮರ ಸಾಕಿದ ಮನೆಯವರ ಜೊತೆ ಸೇರಿಯೇ ಬೈದೆ. ಬೈದು ಬೈದು, ನಕ್ಕು ನಕ್ಕು, ಕೊನೆಗೆ ಹೊಟ್ಟೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕೂತುಬಿಟ್ಟೆ.

(ಗಾಬರಿ ಬೇಡ. ತಲೆ ನೆಟ್ಟಗಿದೆ. ಶನಿವಾರದವರೆಗಂತೂ ಇತ್ತು.)

ತಪ್ಪೆಲ್ಲ ಈ ಹವೆಯದು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್. 'ಬರ್ತೇನಿ' ಎಂದು ಹೇಳಿ ಬಾಗಿಲಲ್ಲೇ ಮಾತಿಗೆ ನಿಂತ ನೆಂಟರ ಹಾಗೆ ಚಳಿ ಹೊರಟೂ ಹೊರಡದೆ ನಿಂತಿದೆ. ಅಷ್ಟರಲ್ಲೇ ಹೊಂಗೆ ಚಿಗುರಿದೆ, ಮುತ್ತುಗ ಕೆಂಪಾಗಿದೆ. ನನ್ನ ಕೈಯಲ್ಲಿ ಹೊಸ ಫೋನಿದೆ. ಸುಮ್ಮನಿರುವುದು ಹೇಗೆ? ಉಣಕಲ್ ಕೆರೆಯ ದಂಡೆಯಲ್ಲಿ ನಾನು ಫೋಟೋ ತೆಗೆಯದ ಎಲೆಯಿಲ್ಲ. ನಮ್ಮ ಯಜಮಾನರಂತೂ ಗ್ಯಾಲರಿ ನೋಡಿ, "ಇದು ನಿನ್ನಿ ಎಲೀನೋ, ಇವತ್ತಿಂದೋ?" ಎಂದು ಕೇಳಿ ನನ್ನಿಂದ ಬೈಸಿಕೊಂಡರು.

ಇಂಥ ಹೊತ್ತಿನಲ್ಲಿ ಗೆಳತಿ ಸುಧಾ ಫೋನ್ ಮಾಡಿದಳು. ಗರಗದ ಹತ್ತಿರ ಅವರದೊಂದು ಆಪೂಸು ಮಾವಿನ ತೋಟವಿದೆ. "ಹೂ ಬಿಟ್ಟೈತಿ, ಬಾ" ಎಂದಳು. ಅಷ್ಟೇ. ಸ್ಕೂಟರ್ ಹತ್ತಿದೆ.

ಏನೆಂದು ಹೇಳಲಿ! ಎಲೆಯೇ ಕಾಣದಷ್ಟು ಹೂವು. ತೋಟಕ್ಕೆ ತೋಟವೇ ಗುಂಯ್ ಎನ್ನುವಷ್ಟು ಜೇನು. ಗಾಳಿ ಬೀಸಿದರೆ ಆ ಹುಳಿಸಿಹಿ ವಾಸನೆ ಮೂಗಿಗಲ್ಲ, ನೇರ ನೆತ್ತಿಗೆ. ನಾನು ಫೋನ್ ಎತ್ತಿ, "ಅಯ್ಯೋ, ಎಷ್ಟು ಛಂ..." ಎನ್ನುವಷ್ಟರಲ್ಲಿ ಒಂದು ಅಂಗೈ ಬಂದು ನನ್ನ ಬಾಯಿ ಮುಚ್ಚಿತು.

ಸುಧಾಳ ಅತ್ತೆ, ಗಂಗಕ್ಕ.

"ಸುಮ್ನಿರ ತಂಗಿ! ಹೂವಿಗೆ ಹಂಗ ಅನಬಾರದು. ದೃಷ್ಟಿ ಆಗತೈತಿ."

ಹೋದ ವರ್ಷ ಯಾರೋ ಬಂಧುಗಳು ಬಂದು ಬಾಯ್ತುಂಬ ಹೊಗಳಿ ಹೋದರಂತೆ. ಮರುದಿನವೇ ಮಂಜು ಬಿತ್ತಂತೆ. ಹೂವೆಲ್ಲ ಕರ್ರಗಾಗಿ ಉದುರಿ, ತೋಟದಲ್ಲಿ ಉಪ್ಪಿನಕಾಯಿಗೂ ಕಾಯಿ ಉಳಿಯಲಿಲ್ಲವಂತೆ.

"ಆತು, ಹೊಗಳೂದಿಲ್ರಿ. ಬರೇ ಫೋಟೋ?" ಎಂದೆ.

"ಫೋಟೋ ಇನ್ನೂ ಕೆಟ್ಟ. ಬಂದವ್ರು ಒಮ್ಮೆ ನೋಡಿ ಹೋಗ್ತಾರ. ಫೋಟೋ ಆದ್ರ ಊರ ಮಂದಿ ಎಲ್ಲಾ ನೋಡ್ತಾರಲ್ಲ!"

ನಾನು ಫೋನನ್ನು ಚೀಲದೊಳಗೆ ಹಾಕಿಕೊಂಡೆ. ನನ್ನ ಸಪ್ಪೆ ಮುಖ ನೋಡಿ ಗಂಗಕ್ಕನಿಗೇ ಕರುಣೆ ಬಂತು. "ಆತು, ತಗಿ. ಆದ್ರ ಬೈಕೋತ ತಗಿ" ಎಂದರು.

ನಾನು ಗಂಟಲು ಸರಿಮಾಡಿಕೊಂಡು, "ಈ ಸಲ ಹೂವು ಅಷ್ಟೇನೂ ಸಮಾಧಾನಕರವಾಗಿಲ್ಲ" ಎಂದೆ.

"ಇದೇನ್ ಬೈಗಳಾ? ಸಾಲಿ ಮಾಸ್ತರು ರಿಪೋರ್ಟ್ ಕಾರ್ಡ್ ಓದಿದಂಗ ಆತು!"

ಎಂದವರೇ ತಾವೇ ಮುಂದೆ ಬಂದರು. ಸೆರಗು ಸಿಕ್ಕಿಸಿ ಶುರು ಮಾಡಿದರು ನೋಡಿ: "ಥೂ ನಿನ್ನ! ಇದೂ ಒಂದು ಹೂವೇನ? ದರಿದ್ರ ಗಿಡಾ! ಬರೇ ಹುಳಾ ಹತ್ತೈತಿ! ಒಂದ ಕಾಯಿ ನಿಲ್ಲೂದಿಲ್ಲ ಈ ವರ್ಷ!" ಬಾಯಲ್ಲಿ ಇಷ್ಟು, ಕೈ ಮಾತ್ರ ಬೊಡ್ಡೆಯನ್ನು ಮಗುವಿನ ಬೆನ್ನಿನ ಹಾಗೆ ಸವರುತ್ತಿತ್ತು. ಸುಧಾ ದನಿಗೂಡಿಸಿದಳು: "ಹಣ್ಣರ ಏನ್ ಹಣ್ಣು! ಹುಳಿ ಅಂದ್ರ ಹುಳಿ, ನಾಯಿನೂ ಮೂಸೂದಿಲ್ಲ!" ನನಗೂ ಹುರುಪು ಬಂತು. "ಇದಕ್ಕಿಂತ ನಮ್ಮ ಓಣ್ಯಾಗಿನ ಜಾಲಿ ವಾಸಿ!" ಎಂದು ಕೂಗುತ್ತಲೇ ಹೊಸ ಫೋನಿನಲ್ಲಿ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ಗಂಗಕ್ಕ ಬೆನ್ನು ತಟ್ಟಿದರು. ಪಾಸ್!

ಸಂಜೆ ಮನೆಗೆ ಬಂದು, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ಆರಿಸಿ ಸ್ಟೇಟಸ್‌ಗೆ ಹಾಕಿ ಮಲಗಿದೆ.

ಬೆಳಿಗ್ಗೆ ಸುಧಾಳ ಫೋನು. "ಏನ್ ಮಾಡಿಟ್ಟೀ ಮಾರಾಯ್ತಿ! ಅದು ಫೋಟೋ ಅಲ್ಲ, ವಿಡಿಯೋ! ನಾವು ಬೈದಿದ್ದೆಲ್ಲಾ ಕೇಳಾಕತ್ತೈತಿ. ಬಾಬಾಜಾನ್ ಕಾಕಾ ನೋಡ್ಯಾರಂತ!"

ಬಾಬಾಜಾನ್ ಕಾಕಾ ಹುಬ್ಬಳ್ಳಿಯ ಹಣ್ಣಿನ ವ್ಯಾಪಾರಿ. ಪ್ರತಿ ಬೇಸಿಗೆ ನಮ್ಮ ಮನೆಗೆ ಮಾವಿನ ಪೆಟ್ಟಿಗೆ ಕಳಿಸುವವರು, ಹಾಗಾಗಿ ನನ್ನ ಫೋನಿನಲ್ಲಿದ್ದಾರೆ. ಗಂಗಕ್ಕನ ತೋಟವನ್ನು ಹೂವಿನಲ್ಲೇ ನೋಡಿ ಗುತ್ತಿಗೆ ಹಿಡಿಯುವವರೂ ಅವರೇ. ಹೋದ ವರ್ಷ ಮಂಜಿನಿಂದ ಅವರಿಗೂ ಪೆಟ್ಟು ಬಿದ್ದಿತ್ತು. ಈ ಸಲ ಬರುತ್ತಾರೋ ಇಲ್ಲವೋ ಎಂದು ಗಂಗಕ್ಕ ದಿನಾ ದಾರಿ ನೋಡುತ್ತಿದ್ದರು. ಅಂಥವರ ಕಿವಿಗೆ 'ಬರೇ ಹುಳಾ, ಒಂದ ಕಾಯಿ ನಿಲ್ಲೂದಿಲ್ಲ' ಎಂದು ತೋಟದ ಒಡತಿಯ ದನಿಯಲ್ಲೇ ಮುಟ್ಟಿಸಿದ ಪುಣ್ಯಾತ್ಮಳು ನಾನು!

"ಅವ್ರು ಬರಲಿಲ್ಲಂದ್ರ ಬ್ಯಾರೇದವ್ರಿಗೆ ಕೊಡಬೇಕಾಗತೈತಿ. ಅವ್ರು ಕಾಯಿ ಜೋಡಿ ಟೊಂಗಿನೂ ಮುರಕೊಂಡು ಹೋಗ್ತಾರ. ಅತ್ತಿ ಮುಂಜಾನಿಂದ ಚಹಾನೂ ಕುಡದಿಲ್ಲ" ಎಂದಳು ಸುಧಾ.

"ತಡಿ, ಕಾಕಾಗ ನಾನ ಫೋನ್ ಮಾಡಿ ಖರೇ ಹೇಳ್ತೇನಿ."

"ಹೇಳು. ಆದ್ರ ಹೂ ಛಲೋ ಐತಿ ಅಂತ ಮಾತ್ರ ಅನಬ್ಯಾಡ ಅಂತ, ಅತ್ತಿ ಹೇಳಾಕತ್ತಾರ."

ಈಗ ನೀವೇ ಹೇಳಿ, ಏನು ಮಾಡಬೇಕು? ಹೊಗಳಿದರೆ ದೃಷ್ಟಿ, ಹೊಗಳದಿದ್ದರೆ ವ್ಯಾಪಾರ ಖಲಾಸ್. 'ಕಾಕಾ, ಹೂವು ಕೆಟ್ಟದಾಗಿಲ್ಲದೆ ಇಲ್ಲದೆ ಇಲ್ಲ' ಎನ್ನಲೇ? ಹಾಗಾದರೂ ಸರಿ ಎಂದು ಫೋನ್ ಹಚ್ಚಿದೆ. ಕಾಕಾ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಅಳು ಬರುವಂತಾಯಿತು. ಗಂಗಕ್ಕನ ಕಾಲು ಹಿಡಿದೇ ಬಿಡೋಣ ಎಂದು ಮತ್ತೆ ಸ್ಕೂಟರ್ ಹತ್ತಿದೆ.

ತೋಟದ ಬಾಗಿಲಲ್ಲಿ ಒಂದು ಟೆಂಪೋ ನಿಂತಿತ್ತು. ಮರದ ಕೆಳಗೆ ಬಿಳಿ ಟೋಪಿಯ ಬಾಬಾಜಾನ್ ಕಾಕಾ!

"ಕಾಕಾ, ಆ ವಿಡಿಯೋ..." ಎಂದು ತೊದಲಿದೆ.

"ಕೇಳೇನಿ ಬಾಯಾರ, ಪೂರಾ ಕೇಳೇನಿ. ಮೂರು ಮಂದಿ ಹೆಣ್ಮಕ್ಳು ಕೂಡಿ ಒಂದು ಗಿಡಕ್ಕ ಇಷ್ಟು ಬೈಯಾಕತ್ತಾರಂದ್ರ, ಹೂ ಎಷ್ಟರ ಇರಬೇಕು! ಇದನ್ನ ಕೇಳಿ ಮತ್ತ್ಯಾರರ ನನಗಿಂತ ಮುಂಚೆ ಬಂದಗಿಂದಾರು ಅಂತ, ನಮಾಜ್ ಮುಗಿಸಿ ಸೀದಾ ಇಲ್ಲಿಗೇ ಬಂದೆ. ಗಾಡಿ ಹೊಡಿಯೋವಾಗ ನಾ ಫೋನ್ ಎತ್ತೂದಿಲ್ರಿ."

ನನಗೆ ಅವರನ್ನು ಎತ್ತಿ ಕುಣಿಸಬೇಕೆನ್ನಿಸಿತು. (ಕಾಕಾ ತೂಕದ ಮನುಷ್ಯ. ಬಿಟ್ಟೆ.)

ಅಷ್ಟಕ್ಕೆ ಮುಗಿಯಿತೇ? ಇಲ್ಲ. ಕಾಕಾ ವ್ಯಾಪಾರಿ ಅಲ್ಲವೇ? ಮೇಲೆ ನೋಡಿ, "ಹೂ ಏನ ಅಂತಾ ಪರಿ ಇಲ್ಲ ಬಿಡ್ರಿ ಗಂಗಕ್ಕಾರ" ಎಂದು ರಾಗ ತೆಗೆದರು. ಗಂಗಕ್ಕ ಸಿಡಿದೆದ್ದರು. "ಯಾಕ್ರಿ ಸಾಹೇಬ್ರ, ನಮ್ಮ ಗಿಡಕ್ಕ ಏನಾಗೈತಿ? ಕಣ್ಣು ನೆಟ್ಟಗ ಬಿಟ್ಟು ನೋಡ್ರಿ!" ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, "ಅಂದ್ರ... ನೀವು ಅನ್ನೂದೂ ಖರೇ ಐತಿ. ಏನೂ ಇಲ್ಲ" ಎಂದರು. ಮತ್ತೆ ಸಿಟ್ಟು. ಮತ್ತೆ ನಾಲಿಗೆ ಕಚ್ಚುವುದು. ಕಾಕಾ ನಕ್ಕು ಕೈಮುಗಿದು, "ಆತ್ರಿ ಅವ್ವಾರ, ಈ ವರ್ಷನೂ ತ್ವಾಟಾ ನಂದ. ಒಂದ ಟೊಂಗಿಗೂ ಧಕ್ಕಿ ಆಗೂದಿಲ್ಲ. ಚಹಾ ಮಾಡಸ್ರಿ" ಎಂದರು. ಗಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಓಡಿದರು.

ಚಹಾ ಕುಡಿಯುತ್ತ ನನ್ನ ಸ್ಟೇಟಸ್ ನೋಡಿದೆ. ಸೂಪರ್, ವಾವ್, ಹೃದಯದ ಸಾಲು. ಹಾಕಿದವರಲ್ಲಿ ಎಷ್ಟು ಜನ ಆ ಹೂವನ್ನು ನಿಂತು ನೋಡಿರಬಹುದು? ನಾನೇ ಬೇರೆಯವರ ಸೂರ್ಯೋದಯಕ್ಕೆ ಹಲ್ಲುಜ್ಜುತ್ತ ಹೆಬ್ಬೆರಳು ಒತ್ತಿ ಮುಂದೆ ಹೋಗುವವಳು. ಹೊಗಳುವುದು ನಮಗೆ ಅಷ್ಟು ಸಸ್ತಾ ಆಗಿದೆ. ಗಂಗಕ್ಕ ಮಾತ್ರ ಆ ಹೂವು ಎಲ್ಲಿ ಕಳೆದುಹೋಗುತ್ತದೋ ಎಂಬ ಭಯಕ್ಕೆ, ಬಾಯಿಗೆ ಬಂದ ಹೊಗಳಿಕೆಯನ್ನು ನುಂಗಿಕೊಂಡು ಬೈಯುತ್ತಾರೆ. ಪ್ರೀತಿ ಅಂದರೆ ಇದೇ ಅಲ್ಲವೇನ್ರಿ?

ಹೊರಡುವಾಗ ಗಂಗಕ್ಕ ಗಾಡಿಯವರೆಗೆ ಬಂದರು. "ತಂಗಿ, ನೀ ಪೇಪರಿನ್ಯಾಗ ಬರಿಯೂದನ್ನ ಸುಧಾ ವಾರಾ ವಾರಾ ನನಗ ಓದಿ ಹೇಳ್ತಾಳ" ಎಂದರು.

"ಹೌದ್ರೀ? ಹ್ಯಾಂಗಿರತೈತ್ರಿ?" ನಾನು ಉಬ್ಬಿಹೋದೆ.

"ಏನೂ ಛಂದ ಇರೂದಿಲ್ಲ ಬಿಡು. ಕೇಳಾಕ ಆಗೂದಿಲ್ಲ."

ಗರಗದಿಂದ ಉಣಕಲ್ಲಿನವರೆಗೂ ಅದನ್ನೇ ಯೋಚಿಸುತ್ತ ಬಂದೆ. ಓದುಗರೇ, ನೀವಾದರೂ ಹೇಳಿ: ಆಕೆ ನನಗೆ ದೃಷ್ಟಿಯಾಗದಿರಲಿ ಎಂದು ಹಾಗೆಂದರೋ, ಖರೇನೇ ಹೇಳಿದರೋ?