ಪರದೆಯ ಕೆಳಗಿನ ಸಾಲು

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದೆ. ಅವನು ಓದಿದ, ನಾನು ಓದಲಿಲ್ಲ. ಅದಕ್ಕಾಗಿ ನನಗೆ ಎಂದೂ ಸಂಕಟವಾಗಿಲ್ಲ. ಓದಿಲ್ಲವೆಂಬುದು ಇನ್ನೊಬ್ಬರಿಗೆ ಗೊತ್ತಾದಾಗ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಮದುವೆಯಾಗಿ ಮೆಲ್ಬೋರ್ನಿಗೆ ಬಂದು ಗ್ಲೆನ್ ವೇವರ್ಲಿಯಲ್ಲಿ ಮನೆ ಮಾಡಿದೆವು. ಯಜಮಾನರಿಗೆ ಕಾರ್ ರಿಪೇರಿ ಕೆಲಸ, ನನಗೆ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ. ನಿಧಾನವಾಗಿ ಮಾತಾಡಿದರೆ ಇಂಗ್ಲಿಷ್ ತಿಳಿಯುತ್ತಿತ್ತು. ಓದುವುದಾದರೆ ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಸಿಡ್ನಿಯಲ್ಲಿದ್ದ ತಮ್ಮ ಫೋನಿನಲ್ಲಿ ಪೀಡಿಸಿ ಪೀಡಿಸಿ ನನ್ನನ್ನು ಇಂಗ್ಲಿಷ್ ಕ್ಲಾಸಿಗೆ ಸೇರಿಸಿದ. ಮೂರು ವಾರ ಹೋಗಿ ಬಿಟ್ಟುಬಿಟ್ಟೆ. ಅವನಿಗೆ ಮಾತ್ರ, "ಮುಗೀತು ಕಣೋ, ಈಗ ಪೇಪರ್ ಎಲ್ಲಾ ಓದ್ತೀನಿ" ಎಂದು ಹೇಳಿದ್ದೆ.

ಅದಾದ ಮರುವರ್ಷ ರಜೆಯಲ್ಲಿ ನಾಲ್ಕು ದಿನ ಸಿಡ್ನಿಗೆ ಹೋದೆ. ತಮ್ಮನ ಜೊತೆ ಒಬ್ಬ ಜರ್ಮನ್ ಗೆಳೆಯನಿದ್ದ. ರೆಂಟ್ ಹಂಚಿಕೊಳ್ಳಲು ಸೇರಿಕೊಂಡವನು ಎಂದುಕೊಂಡಿದ್ದೆ. ಎತ್ತರದ ಆಳು, ಮೆಲುಮಾತಿನವನು. ನಾನು ಮಾಡಿದ ಬಿಸಿಬೇಳೆಬಾತನ್ನು ಮೂಗು ಒರೆಸಿಕೊಳ್ಳುತ್ತಲೇ ಎರಡು ಸಲ ಹಾಕಿಸಿಕೊಂಡ.

ಅವರ ಮನೆಯ ಹತ್ತಿರದ ಒಂದು ಸಣ್ಣ ಥಿಯೇಟರಿನಲ್ಲಿ ಆ ವಾರ ಹಳೆಯ ಜರ್ಮನ್ ಹಾಸ್ಯಚಿತ್ರಗಳನ್ನು ಹಾಕಿದ್ದರು. ಒಂದಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಮಾತೆಲ್ಲ ಜರ್ಮನ್, ಪರದೆಯ ಕೆಳಗೆ ಇಂಗ್ಲಿಷ್ ಸಾಲು. ಒಂದು ಪದ ಕೂಡಿಸಿ ಮುಗಿಸುವುದರೊಳಗೆ ಸಾಲೇ ಮಾಯವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಓದುವುದನ್ನು ಬಿಟ್ಟು ಮುಖಗಳನ್ನು ನೋಡತೊಡಗಿದೆ. ಹಳ್ಳಿಯಿಂದ ಒಬ್ಬ ತಾಯಿ ಹೇಳದೆ ಕೇಳದೆ ಮಗನ ಮನೆಗೆ ಬರುತ್ತಾಳೆ. ಅಲ್ಲೊಬ್ಬ ಗಂಡಸು ಸ್ಪ್ಯಾನರ್ ಹಿಡಿದು ನಲ್ಲಿ ಬಿಚ್ಚುತ್ತಿದ್ದಾನೆ. ಮುಟ್ಟಿದಲ್ಲೆಲ್ಲ ನೀರು ಚಿಮ್ಮುತ್ತದೆ. ಥಿಯೇಟರ್ ತುಂಬ ನಗು. ಜನ ನಕ್ಕಾಗಲೆಲ್ಲ ನಾನೂ ನಕ್ಕೆ. ಕೆಲಸ ಬಾರದ ಪ್ಲಂಬರನ ಕತೆ, ಅಷ್ಟೇ, ಎಂದು ತೀರ್ಮಾನಿಸಿಕೊಂಡೆ.

ಕೊನೆಯಲ್ಲಿ ತಾಯಿ ಊಟದ ಮೇಜಿನ ಮುಂದೆ ನಿಂತು ಏನೋ ಹೇಳಿದಳು. ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಹೊರಗೆ ಬಂದಾಗ ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ.

"ಅಕ್ಕ, ಹೇಗಿತ್ತು?"

"ಹೊಟ್ಟೆ ಹುಣ್ಣಾಯ್ತು ಕಣೋ!"

"ಕೊನೇಲಿ ಆ ತಾಯಿ ಹೇಳಿದ್ಲಲ್ಲ, ಅದು?"

"ಸರಿಯಾಗೇ ಹೇಳಿದ್ಲು ಬಿಡು. ತಾಯಿ ಅಂದ್ರೆ ಹಾಗಿರ್ಬೇಕು."

ಅವನ ಕಣ್ಣಲ್ಲಿ ನೀರು ತುಂಬಿತು. ತಮಾಷೆ ಸಿನಿಮಾಕ್ಕೆ ಯಾಕೆ ಅಳುತ್ತಾನೆ ಎಂದು ನನಗೆ ಅರ್ಥವಾಗಲಿಲ್ಲ. ಕಾಫಿ ಕುಡಿಯುವಾಗ ಅವನ ಗೆಳೆಯ ನನಗಾಗಿ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದ: ಅವನ ತಾಯಿ ನಾಲ್ಕು ವರ್ಷ ಅವನೊಡನೆ ಮಾತಾಡಿರಲಿಲ್ಲ. ಈ ಸಿನಿಮಾ ಅವರ ಊರಿಗೆ ಬಂದಾಗ ಅಕ್ಕಪಕ್ಕದವರ ಜೊತೆ ಹೋಗಿ ನೋಡಿದಳು. ಅಷ್ಟು ದಿನ ಪಿಸುಗುಟ್ಟುತ್ತಿದ್ದ ನೆರೆಯವರೆಲ್ಲ ಅಂದು ಗಟ್ಟಿಯಾಗಿ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಅವನಿಗೆ ಫೋನ್ ಮಾಡಿದಳು. ಆ ಕಾಲದಲ್ಲಿ ತನ್ನ ದೇಶ ನಗುತ್ತಲೇ ಬದಲಾಯಿತು, ಎಂದ. ಏನು ಬದಲಾಯಿತು ಎಂದು ಕೇಳಿದರೆ ಓದಿಲ್ಲವೆಂಬುದು ಗೊತ್ತಾಗುತ್ತದೆ. ತಲೆಯಾಡಿಸಿದೆ.

ಅಂದಿನಿಂದ ಫೋನ್ ಮಾಡಿದಾಗಲೆಲ್ಲ ನಾನು, "ಏನಂತಾನೋ ನಿನ್ನ ಪ್ಲಂಬರು?" ಎಂದು ತಮಾಷೆ ಮಾಡುತ್ತಿದ್ದೆ. ಉದ್ದ ಕೈಕಾಲಿನ ಆ ಗೆಳೆಯ ಸಿನಿಮಾದವನ ಹಾಗೇ ಇದ್ದ, ಅದಕ್ಕೆ. ತಮ್ಮ ಬಾಯಿ ತುಂಬ ನಗುತ್ತಿದ್ದ. ಅಷ್ಟು ಹಗುರಾಗಿ ಅವನು ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಯುಗಾದಿಗೆ ಇಬ್ಬರೂ ಮೆಲ್ಬೋರ್ನಿಗೆ ಬಂದರು. ಅದೇ ದಿನದ ಊಟಕ್ಕೆ ನಾನು ಪಾಯಿಂಟ್ ಕುಕ್‌ನ ಒಬ್ಬ ಆಂಟಿಯನ್ನೂ ಅವರ ಮಗಳನ್ನೂ ಕರೆದಿದ್ದೆ. ಹುಡುಗಿಗೆ ಇಲ್ಲೇ ನೆಲೆಸಲು ಪಿಆರ್ ಇತ್ತು, ಕೆಲಸವಿತ್ತು, ನೋಡಲು ಲಕ್ಷಣವಾಗಿದ್ದಳು. ತಮ್ಮನಿಗೆ ಮೊದಲೇ ಹೇಳಿದರೆ ಬರುವುದಿಲ್ಲ ಎಂದು ಹೇಳಿರಲಿಲ್ಲ.

ಆಂಟಿ ಗೆಳೆಯನನ್ನು ನೋಡಿ, "ಇವ್ರು ಯಾರು?" ಎಂದರು.

"ಇವ್ನು ನಮ್ ಪ್ಲಂಬರ್ರು" ಎಂದು ನಕ್ಕೆ. ತಮ್ಮನ ಮುಖ ಅರಳಿತು.

"ಅಯ್ಯೋ, ನಿಮ್ಮನೇಲಿ ಪ್ಲಂಬರಿಗೂ ಹೋಳಿಗೆ ಊಟಾನಾ? ನಮ್ಮನೆ ಗೀಸರ್ ಕೆಟ್ಟಿದೆ, ಕಳ್ಸಿ ಮತ್ತೆ!"

ಎಲ್ಲರೂ ನಕ್ಕೆವು. ಆಮೇಲೆ ನಾನು ಒಳಗಿನ ಮೇಜಿಗೆ ಐದು ತಟ್ಟೆ ಹಾಕಿದೆ. ಹುಡುಗಿಯನ್ನು ತಮ್ಮನ ಎದುರಿಗೆ ಕೂರಿಸಿದೆ. ಗೆಳೆಯನ ತಟ್ಟೆಯನ್ನು ಹಿತ್ತಲಿನ ಮೇಜಿಗೆ ಕಳಿಸಿದೆ. ಹೊರಗಿನವನು, ಮದುವೆ ಮಾತಿನ ಮಧ್ಯೆ ಯಾಕೆ ಎಂದುಕೊಂಡೆ. ಅವನು ಬಾಗಿಲು ಸರಿಸಿಕೊಂಡು ಹೊರಗೆ ಹೋದ.

ತಮ್ಮ ನನ್ನನ್ನು ಅಡುಗೆಮನೆಗೆ ಕರೆದ.

"ಅಕ್ಕ, ಏನಿದು?"

"ಹುಡುಗಿ ಒಳ್ಳೇವ್ಳು ಕಣೋ. ಸುಮ್ನೆ ಮಾತಾಡಿ ನೋಡು."

"ನೀನು ಸಿನಿಮಾ ನೋಡಿದ್ಯಲ್ಲ. ನಾನು ಹೇಳೋಕಾಗ್ದೇ ಇದ್ದಿದ್ದನ್ನ ಅದು ಹೇಳಿತ್ತಲ್ಲ. ನಾವಿಬ್ರೂ ಹಾಗೇ ಅಂತ ಗೊತ್ತಿದ್ದೂ ಅವನ್ನ ಹೊರಗೆ ಕೂರ್ಸಿದ್ಯಾ?"

ಆಗ ಎಲ್ಲವೂ ಒಟ್ಟಿಗೆ ತಿಳಿಯಿತು. ತಾಯಿ, ಮಗ, ಪ್ಲಂಬರನ ಸೋಗಿನಲ್ಲಿದ್ದ ಮಗನ ಸಂಗಾತಿ, ನಲ್ಲಿ, ಚಪ್ಪಾಳೆ. ಒಂದೇ ಮಾತು ಸಾಕಾಗಿತ್ತು: ನಾನು ಓದಿರಲಿಲ್ಲ ಕಣೋ. ಆದರೆ ಆಂಟಿಯ ಮಗಳು ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕ್ಲಾಸಿನ ಸುಳ್ಳು ಅವಳ ಮುಂದೆ ಹೊರಬೀಳುವುದು ನನಗೆ ಬೇಡವಾಗಿತ್ತು.

"ಸಿನಿಮಾ ಬೇರೆ, ಮನೆ ಬೇರೆ" ಎಂದೆ.

ಅವನು ಕೈ ತೊಳೆದು ಹಿತ್ತಲಿಗೆ ಹೋಗಿ ಗೆಳೆಯನನ್ನು ಎಬ್ಬಿಸಿದ. ಮಧ್ಯಾಹ್ನವೇ ಇಬ್ಬರೂ ಹೊರಟುಹೋದರು. ಹಿತ್ತಲಿನ ತಟ್ಟೆಯಲ್ಲಿ ಅರ್ಧ ಹೋಳಿಗೆ ಉಳಿದಿತ್ತು. ಆಮೇಲೆ ಎರಡು ವರ್ಷ ಫೋನಿಲ್ಲ. ನಾನು ಮಾಡಿದರೆ ಅವನು ಎತ್ತುತ್ತಿರಲಿಲ್ಲ.

ನಾನು ಮತ್ತೆ ಕ್ಲಾಸಿಗೆ ಸೇರಿದೆ. ಈ ಸಲ ಬಿಡಲಿಲ್ಲ. ಲೈಬ್ರರಿಯಲ್ಲಿ ಆ ಸಿನಿಮಾದ ಡಿವಿಡಿ ಇದೆಯೇ ಎಂದು ಕೇಳಿದೆ, ಇರಲಿಲ್ಲ, ತರಿಸಿಕೊಟ್ಟರು. ಒಂದೊಂದು ಸಾಲಿಗೂ ನಿಲ್ಲಿಸಿ, ಟಿವಿಯ ಗಾಜಿನ ಮೇಲೆ ಬೆರಳಿಟ್ಟು ಓದಿದೆ. ಒಂದೂವರೆ ಗಂಟೆಯ ಸಿನಿಮಾ ಮುಗಿಸಲು ಹನ್ನೊಂದು ದಿನ ಹಿಡಿಯಿತು. ಹಾಗೆ ಓದಿದರೆ ನಗು ಬರುವುದಿಲ್ಲ. ಕೊನೆಯಲ್ಲಿ ಆ ತಾಯಿ ಮಗನಿಗೆ ಹೇಳುತ್ತಾಳೆ: ಹದಿನೈದು ದಿನವಾದರೂ ಒಂದು ನಲ್ಲಿ ಸರಿಮಾಡಲಾಗದವನನ್ನು ಯಾರೂ ಕೆಲಸಕ್ಕೆಂದು ಇಟ್ಟುಕೊಳ್ಳುವುದಿಲ್ಲ, ಇವನನ್ನು ನೀನು ಪ್ರೀತಿಗೇ ಇಟ್ಟುಕೊಂಡಿರಬೇಕು. ಇನ್ನೊಂದು ತಟ್ಟೆ ಹಾಕು, ಇಲ್ಲೇ ಕೂರಲಿ.

ಆ ಸಾಲನ್ನು ಪರದೆಯ ಮೇಲೆ ನಿಲ್ಲಿಸಿಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ನನ್ನದಲ್ಲದ ನಂಬರಿನಿಂದ, ಕೆಲಸದ ಜಾಗದ ಫೋನಿನಿಂದ, ಕರೆ ಮಾಡಿದೆ. ತಮ್ಮ ಎತ್ತಿದ.

"ಇಟ್ಬಿಡಬೇಡ. ಆವತ್ತು ನಾನು ಓದಿರ್ಲಿಲ್ಲ ಕಣೋ. ಕೆಳಗಿನ ಸಾಲು ಒಂದೂ ಓದೋಕಾಗ್ಲಿಲ್ಲ. ಕ್ಲಾಸು ಮುಗೀತು ಅಂದಿದ್ದು ಸುಳ್ಳು."

"ಮತ್ತೆ ನಕ್ಕಿದ್ದು?"

"ಎಲ್ಲಾರೂ ನಕ್ರಲ್ಲ."

ತಮ್ಮ ಕೇಳಿದ: "ಓದಿದ್ದಿದ್ರೆ?"

ಇದಕ್ಕೆ ಸುಳ್ಳು ಹೇಳುವುದು ಸುಲಭವಿತ್ತು. "ಗೊತ್ತಿಲ್ಲ" ಎಂದೆ. "ಓದಿದ್ರೂ ತಟ್ಟೆ ಹೊರಗೇ ಇಡ್ತಿದ್ನೇನೋ. ಈಗ ಇಡಲ್ಲ."

ಅವನು "ಹೂಂ" ಎಂದ. ನಾನೇ ಕೇಳಿದೆ: "ಪ್ಲಂಬರು ಹೇಗಿದ್ದಾನೆ?"

"ಆ ಮಾತು ಇನ್ನು ಆಡ್ಬೇಡ ಅಕ್ಕ. ಅವನಿಗೊಂದು ಹೆಸರಿದೆ."

ಅವನ ಹೆಸರನ್ನು ನಾನು ಅದುವರೆಗೆ ಸರಿಯಾಗಿ ಕೇಳಿಸಿಕೊಂಡೂ ಇರಲಿಲ್ಲ. "ಒಂದೊಂದೇ ಅಕ್ಷರ ಹೇಳು, ಬರ್ಕೋತೀನಿ" ಎಂದೆ. ತಮ್ಮ ನಿಧಾನವಾಗಿ ಹೇಳಿದ. ತರಕಾರಿ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡು ಅವನಿಗೆ ಓದಿ ಹೇಳಿದೆ. ಮೊದಲ ಸಲ ತಪ್ಪಾಯಿತು. ಅವನು ಮತ್ತೆ ಮೊದಲನೇ ಅಕ್ಷರದಿಂದ ಹೇಳಿಕೊಟ್ಟ.