ಅವಕಾಶ ಐತಿ ಅಂದಾರಲ್ರಿ

ಜೂನ್ ತಿಂಗಳು ಬಂತೆಂದರೆ ನಮ್ಮ ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಝೆರಾಕ್ಸ್ ಅಂಗಡಿಗಳಿಂದ ಬಿಸಿ ಕಾಗದದ ವಾಸನೆ ರಸ್ತೆಯವರೆಗೂ ಬರುತ್ತದೆ. ಈ ಸೋಮವಾರ ನನ್ನ ಪಿಂಚಣಿಯ ಕಾಗದಗಳನ್ನು ಹಿಡಿದುಕೊಂಡು ಅಂಥ ಒಂದು ಅಂಗಡಿಯ ಮುಂದೆ ನಿಂತಿದ್ದೆ. ನನ್ನ ಮುಂದೆ ಏಳೆಂಟು ಹುಡುಗ ಹುಡುಗಿಯರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು, ಮುಖದಲ್ಲಿ ಆಗಷ್ಟೇ ಊರಿನಿಂದ ಇಳಿದವರ ಗಾಬರಿ. ಇಂಥವರನ್ನು ಕಂಡರೆ ಬುದ್ಧಿ ಹೇಳುವುದು ನನ್ನ ಹಳೆಯ ಚಟ. ನೀವು ಜೊತೆಗಿದ್ದಿದ್ದರೆ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದಿರಿ. ನನ್ನ ಹೆಂಡತಿ ಹಾಗೇ ಮಾಡುತ್ತಾಳೆ.

ಈ ಚಟ ಬಂದದ್ದು ನೌಕರಿಯಿಂದ. ಠಾಣೆ–ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತವನು ನಾನು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಬರಲಿಲ್ಲ ಎಂದು ಮಸ್ಟರಿನಲ್ಲಿ ಬರೆಯುವುದೇ ನನ್ನ ಕೆಲಸ. ಹನ್ನೆರಡೂವರೆಗೆ ಊಟದ ಸೈರನ್ ಆಗುತ್ತಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದವು. ಆ ಸೈರನ್ ನನ್ನ ಹೊಟ್ಟೆಯೊಳಗೆ ಇನ್ನೂ ಅದೇ ಹೊತ್ತಿಗೆ ಕೂಗುತ್ತದೆ.

ಆ ದಿನಗಳಲ್ಲಿ ಊರ ಕಡೆಯಿಂದ ಓದಲು ಬಂದವರೆಲ್ಲ ಮೊದಲು ಇಳಿಯುತ್ತಿದ್ದುದು ನಮ್ಮ ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಬಂದವರು ಚಹಾ ಕುಡಿದು ಮುಗಿಸುವ ಮೊದಲೇ ಹಳೆಯ ಮಸ್ಟರ್ ಹಾಳೆಯ ಬೆನ್ನಿನ ಮೇಲೆ ಬರೆದ ನನ್ನ ಸೂಚನೆಗಳು ಅವರ ಕೈಗೆ ಹೋಗುತ್ತಿದ್ದವು. ಹನ್ನೆರಡು ವರ್ಷದ ಕೆಳಗೆ ಕಸ್ತೂರಿಗೂ ಹಾಗೇ ಕೊಟ್ಟೆ. ಅವಳು ನನ್ನ ಚಿಕ್ಕಪ್ಪನ ಮಗನ ಮಗಳು, ಗದಗದ ಹತ್ತಿರದ ಹಳ್ಳಿಯವಳು. ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ವಾಶಿಯ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ಮಾತ್ರ ಸಿಕ್ಕಿರಲಿಲ್ಲ.

ಅವಳಪ್ಪ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ: “ತಿಂಗಳದ ಕೊನೀಗೆ ಹಾಸ್ಟೆಲ್ ಸಿಕ್ರ ಓದಲಿ. ಇಲ್ಲಂದ್ರ ಗಾಡಿ ಹತ್ತಿಸಿಬಿಡು. ಬಾಡಗಿ ಖೋಲ್ಯಾಗ ಒಬ್ಬಾಕಿನ್ನ ಇಡೂ ಮನಶ್ಯಾ ನಾ ಅಲ್ಲ.” ನಮ್ಮ ಮನೆಯಲ್ಲೇ ಇರಲಿ ಎನ್ನೋಣವೆಂದರೆ ಮುಂದಿನ ವಾರ ನಮ್ಮ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಹಾಗಾಗಿ ಒಂದು ಹಾಸ್ಟೆಲ್ ಮಂಚದ ಮೇಲೆ ಕಸ್ತೂರಿಯ ಎರಡು ವರ್ಷದ ಓದು ನಿಂತಿತ್ತು.

ನಾನು ನನ್ನ ಕ್ರಮದಲ್ಲಿ ಹೊರಟೆ. ಮೊದಲ ದಿನವೇ ಬ್ಯಾಂಕಿನಲ್ಲಿ ಅವಳ ಹೆಸರಿನ ಖಾತೆ. ಅಪ್ಪ ಕೊಟ್ಟ ಹಣವೆಲ್ಲ ಅದರಲ್ಲಿ. ಮರುದಿನ ರೈಲಿನ ಪಾಸು. ಕಾಲೇಜಿನಿಂದ ರಿಯಾಯಿತಿ ಫಾರ್ಮ್ ತಂದರೆ ಪಾಸು ಬಹಳ ಅಗ್ಗ, ಆದರೆ ಆ ಫಾರ್ಮನ್ನು ಬಾಯಿಬಿಟ್ಟು ಕೇಳಿದವರಿಗಷ್ಟೇ ಕೊಡುತ್ತಾರೆ. ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯಬೇಕಲ್ಲ, ಅದರ ಹಿಂದಿನ ಸ್ಟೇಷನ್ ಕಳವಾ ಬರುವ ಮೊದಲೇ ಎದ್ದು ಬಾಗಿಲ ಕಡೆ ಸರಿದಿರಬೇಕು; ಕೂತೇ ಇದ್ದರೆ ಗರ್ದಿಯಲ್ಲಿ ಸಿಕ್ಕಿ ಮುಂದಿನ ಮುಲುಂಡಿಗೆ ಹೋಗಿ ಇಳಿಯಬೇಕಾಗುತ್ತದೆ. ಮೆಸ್ಸಿನ ಅಡುಗೆ ಹೊಟ್ಟೆಗೆ ಒಗ್ಗುತ್ತದೋ ಇಲ್ಲವೋ ನೋಡದೆ ತಿಂಗಳ ಕೂಪನ್ ಕೊಳ್ಳಬಾರದು. ಬಕೆಟ್ಟು, ಗಾದಿ, ಟೇಬಲ್ ಫ್ಯಾನು ಇವನ್ನೆಲ್ಲ ಓದು ಮುಗಿಸಿ ಹೋಗುವವರಿಂದ ಅರ್ಧ ಬೆಲೆಗೆ ಹಿಡಿಯಬೇಕು. ಕಸ್ತೂರಿ ಎಲ್ಲದಕ್ಕೂ “ಹೂಂ ರೀ ಕಾಕಾ” ಅನ್ನುತ್ತಿದ್ದಳು. ಕಳವಾದಲ್ಲಿ ಏಳುವುದನ್ನು ಎರಡೇ ದಿನಕ್ಕೆ ಕಲಿತಳು.

ಒಂದೇ ಒಂದು ವಿಷಯಕ್ಕೆ ನಮ್ಮಲ್ಲಿ ಚರ್ಚೆಯಾಯಿತು. ಹಾಸ್ಟೆಲ್ಲಿನ ಡಿಪಾಸಿಟ್ಟನ್ನು ನಗದಾಗಿ ತೆಗೆದುಕೊಳ್ಳುತ್ತಿರಲಿಲ್ಲ, ಬ್ಯಾಂಕಿನ ಡಿಡಿ ಕೊಡಬೇಕಿತ್ತು.

“ಡಿಡಿ ಈಗಽ ಮಾಡಿಸಿ ಇಟ್ಕೊಳ್ಳಲೇನ್ರಿ ಕಾಕಾ?”

“ಹಾಸ್ಟೆಲ್ ಸಿಗೂದಽ ಖಾತ್ರಿ ಇಲ್ಲ. ಸಿಗಲಿಲ್ಲಂದ್ರ ರದ್ದು ಮಾಡಸಬೇಕು. ಮಾಡ್ಸೂವಾಗ ಒಮ್ಮೆ ಕಮಿಷನ್, ರದ್ದು ಮಾಡ್ಸೂವಾಗ ಇನ್ನೊಮ್ಮೆ. ಮೊದಲ ಅವರ ಪತ್ರ, ಆಮ್ಯಾಲೆ ಡಿಡಿ. ಕ್ರಮ ಅಂದ್ರ ಕ್ರಮ.”

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: “ಹೌದವಾ ಕಸ್ತೂರಿ, ಅರವತ್ತು ರೂಪಾಯಿ ಉಳಿಸು. ನಿಮ್ಮ ಕಾಕಾ ಅದರಾಗ ಬಂಗ್ಲೆ ಕಟ್ಟಸ್ತಾರ.”

ತಿಂಗಳ ಕೊನೆಯ ದಿನ ನಾನೂ ಅವಳ ಜೊತೆ ವಾಶಿಗೆ ಹೋದೆ. ವೇಟಿಂಗ್ ಲಿಸ್ಟಿನಲ್ಲಿ ಅವಳದು ಹನ್ನೊಂದನೆಯ ಹೆಸರು. ಜಾಗ ಸಿಕ್ಕೂ ಹಣ ಕಟ್ಟದವರ ಮಂಚಗಳನ್ನು ಈ ಪಟ್ಟಿಯವರಿಗೆ ಕೊಡುತ್ತಾರೆ ಎಂದು ನೋಟೀಸು ಹಚ್ಚಿದ್ದರು. ಯಾವಾಗ ಕೊಡುತ್ತಾರೆಂದು ಅದರಲ್ಲಿ ಬರೆದಿರಲಿಲ್ಲ. ಪಟ್ಟಿಯಲ್ಲಿದ್ದವರು ಬಹುತೇಕ ಎಲ್ಲರೂ ಕಚೇರಿಯ ಕಿಟಕಿಯ ಮುಂದೆ ನೆರೆದಿದ್ದರು. ಒಳಗಿದ್ದ ಕ್ಲಾರ್ಕ್ ಹೆಂಗಸು, ಇಲ್ಲಿಯವರ ಮಾತಿನಲ್ಲಿ ‘ಬಾಯಿ’, ತಲೆಯೆತ್ತದೆ ಹೇಳಿದರು: “ತ್ಯಾಲಾ ಅಜೂನ್ ಅವಕಾಶ್ ಆಹೆ.”

ಮರಾಠಿ ಬಾರದವರಿಗೆ ಇಲ್ಲೊಂದು ಮಾತು. ಅವರ ‘ಅವಕಾಶ್’ ಎಂದರೆ ನಮ್ಮ ಅವಕಾಶವಲ್ಲ. ಅದಕ್ಕಿನ್ನೂ ಹೊತ್ತಿದೆ, ಆಮೇಲೆ ಬನ್ನಿ ಎಂದು ಅದರರ್ಥ. ಭಾಷೆ ಬಲ್ಲವರೆಲ್ಲ ಕರಗಿಹೋದರು. ನಾನೂ ಭಾಷೆ ಬಲ್ಲವನೇ. ಕೊಡೆ ಎತ್ತಿಕೊಂಡೆ.

“ನಡಿಯವಾ, ಹೋಗೂಣು.”

“ಯಾಕ್ರಿ? ಅವಕಾಶ ಐತಿ ಅಂದಾರಲ್ರಿ!” ಅವಳ ಮುಖ ಅರಳಿತ್ತು.

ನಾನು ಅರ್ಥ ಬಿಡಿಸಿ ಹೇಳಿದೆ. ಕಸ್ತೂರಿ ಸ್ವಲ್ಪ ಯೋಚಿಸಿದಳು. ಆಮೇಲೆ ಬೆಂಚಿನ ಮೇಲೆ ಸರಿಯಾಗಿ ಕೂತು, “ಹೊತ್ತು ಐತಿ ಅಂದ್ರ ಅವಕಾಶ ಐತಿ ಅಂದಂಗಽ ಆತಲ್ರಿ ಕಾಕಾ. ನೀವು ಹೋಗಿ ಊಟಾ ಮಾಡ್ರಿ, ನಿಮ್ಮ ಹೊತ್ತಾತು. ನಾ ಇಲ್ಲೇ ಇರ್ತೀನಿ” ಎಂದಳು.

ನಾನು ಹೋದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೋದೆ, ಏಕೆಂದರೆ ಗಂಟೆ ಹನ್ನೆರಡೂ ಇಪ್ಪತ್ತಾಗಿತ್ತು. ಹತ್ತಿರದ ಉಡುಪಿ ಹೋಟೆಲಿನಲ್ಲಿ ರೈಸ್ ಪ್ಲೇಟ್ ಉಂಡು, ಅವಳಿಗೆ ಎರಡು ಇಡ್ಲಿ ಕಟ್ಟಿಸಿಕೊಂಡು, ಇನ್ನು ಮೊಂಡುತನ ಮಾಡಿದರೆ ಗದರಿಸಿಯಾದರೂ ಕರೆದೊಯ್ಯುವುದೆಂದು ನಿಶ್ಚಯಿಸಿ ಬಂದೆ. ಬಂದು ನೋಡಿದರೆ ಕ್ಲಾರ್ಕ್ ಬಾಯಿ ಕಿಟಕಿಯ ಹೊರಗೆ ತಲೆಹಾಕಿ ಅವಳನ್ನೇ ಕೇಳುತ್ತಿದ್ದರು: “ಅಗಂ, ತೂ ಅಜೂನ್ ಇಥೇಚ್?” ನೀನಿನ್ನೂ ಇಲ್ಲೇ ಇದ್ದೀಯಾ ಎಂದು.

ಕಸ್ತೂರಿ ತನ್ನ ಶಾಲೆಯ ಹಿಂದಿಯಲ್ಲಿ ಹೇಳಿದಳು: “ಹಾಂ ಮ್ಯಾಡಮ್. ಆಪ್‌ನೇ ಬೋಲಾ, ಅವಕಾಶ ಹೈ.”

ಆ ಬಾಯಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೇ ಇರಬೇಕು, ನಕ್ಕುಬಿಟ್ಟರು. ಆಮೇಲೆ ದನಿ ತಗ್ಗಿಸಿ ಹಿಂದಿಯಲ್ಲೇ, “ನಾಲ್ಕು ಗಂಟೆಗೆ ಪಟ್ಟಿ ಕೂಗುತ್ತೇನೆ. ಎದುರಿಗೆ ಇದ್ದವರಿಗೆ ಜಾಗ. ಎಲ್ಲೂ ಹೋಗಬೇಡ” ಎಂದರು. ನನ್ನ ಗದರಿಕೆ ಇಡ್ಲಿಯ ಪೊಟ್ಟಣದಲ್ಲೇ ಉಳಿಯಿತು. ನಾನೂ ಬೆಂಚಿನ ತುದಿಗೆ ಕೂತೆ.

ನಾಲ್ಕು ಹೊಡೆಯಿತು. ಬಾಯಿ ಪಟ್ಟಿ ಹಿಡಿದು ಕೂಗತೊಡಗಿದರು. ಮೊದಲ ಹೆಸರು. ಯಾರೂ ಇಲ್ಲ. ಎರಡನೆಯದು. ಯಾರೂ ಇಲ್ಲ. ಮೂವತ್ತೊಂದು ವರ್ಷ ಗೈರುಹಾಜರಿ ಬರೆದ ನನಗೆ ಆ ಮೌನ ಎಂದೂ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ. ಐದು, ಆರು, ಏಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾದಾಗ ಥಟ್ಟನೆ ತಿರುಗಿ ನೋಡಿದೆ, ಬಂದವನು ಚಹಾದವನು. ಒಂಬತ್ತು. ಹತ್ತು. ಹನ್ನೊಂದನೆಯ ಹೆಸರು ಪೂರ್ತಿಯಾಗುವ ಮೊದಲೇ ಕಸ್ತೂರಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

“ಡಿಡಿ?” ಎಂದರು ಬಾಯಿ. “ಇವತ್ತೇ ಬೇಕು.”

ನಾನು ಕೈಗಡಿಯಾರ ನೋಡಿದೆ. ಬ್ಯಾಂಕುಗಳು ಮುಚ್ಚಿದ್ದವು. ಮೊದಲು ಪತ್ರ, ಆಮೇಲೆ ಡಿಡಿ ಎಂದು ಬೆರಳೆತ್ತಿ ಹೇಳಿದವನು ನಾನು. ಅರವತ್ತು ರೂಪಾಯಿ ಉಳಿಸಲು ಹೋಗಿ ಈ ಹುಡುಗಿಯನ್ನು ಊರಿನ ಗಾಡಿಗೆ ಹತ್ತಿಸಿದೆನಲ್ಲ ಎಂದು ಅವಳ ಮುಖ ನೋಡಲೂ ಧೈರ್ಯವಾಗಲಿಲ್ಲ.

ಫೈಲು ಬಿಚ್ಚಿದ ಸದ್ದಾಯಿತು. ಕಿಟಕಿಯೊಳಗೆ ಒಂದು ಕಾಗದ ಹೋಯಿತು. ಡಿಡಿ! ಮೂರು ದಿನದ ಹಿಂದೆಯೇ ತನ್ನ ಖಾತೆಯಿಂದ ಮಾಡಿಸಿಟ್ಟುಕೊಂಡಿದ್ದಳು.

“ಬೈಯೂದಿದ್ರ ರಸೀದಿ ತಗೊಂಡ ಮ್ಯಾಲೆ ಬೈರಿ ಕಾಕಾ,” ಎಂದಳು, ನನ್ನ ಕಡೆ ತಿರುಗದೆ. “ಕಮಿಷನ್ ಹೋದ್ರ ಅರವತ್ತು ರೂಪಾಯಿ ಹೋಗ್ತಾವ್ರಿ. ಹಾಸ್ಟೆಲ್ ಹೋದ್ರ ನಾನಽ ಹೋಗ್ತೀನಲ್ರಿ.”

ಬೈಯಲಿಲ್ಲ. ರಸೀದಿ ಬಂದ ಮೇಲೆ ಅವಳ ಫೈಲು ಹಿಡಿದುಕೊಂಡು ಹಿಂದೆ ನಡೆದೆ.

ಲೇಡೀಸ್ ಹಾಸ್ಟೆಲ್ಲಿನ ಒಳಗೆ ಗಂಡಸರನ್ನು ಬಿಡುವುದಿಲ್ಲ. ನಾನು ಅಂಗಳದಲ್ಲಿ ವಾಚ್‌ಮನ್ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ಮೂರನೆಯ ಮಹಡಿಯ ಕಿಟಕಿಯೊಂದು ತೆರೆಯಿತು. ಕಸ್ತೂರಿ ಅರ್ಧ ದೇಹ ಹೊರಗೆ ಚಾಚಿ, ಇಡೀ ವಾಶಿಗೆ ಕೇಳುವಂತೆ ಕೂಗಿದಳು: “ಕಾಕಾ! ಫ್ಯಾನು ನನ್ನ ಮಂಚದ ಮ್ಯಾಲಽ ಐತ್ರಿ!”

ವಾಚ್‌ಮನ್ ನನಗೆ ತಂಬಾಕು ಕೊಡಲು ಬಂದ. ಮಗಳು ಯುದ್ಧ ಗೆದ್ದಳೇನು ಎಂದು ಮರಾಠಿಯಲ್ಲಿ ಕೇಳಿದ. ಹೌದಪ್ಪ, ಗೆದ್ದಳು ಎಂದೆ.

ಅವಳು ಈಗ ನವಿ ಮುಂಬಯಿಯ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಡಿಡಿ ಹೋಗಿ ಎಲ್ಲ ಮೊಬೈಲಿಗೆ ಬಂದಿದೆ. ನನ್ನ ಸೂಚನೆಗಳಲ್ಲಿ ಕಳವಾ ಹಾಗೇ ಉಳಿದಿದೆ. ಕಮಿಷನ್ನಿನ ಸಾಲನ್ನು ಅಂದೇ ಹೊಡೆದುಹಾಕಿ, ಕೇಳಬಹುದಾದ ಹಣವನ್ನು ಕೇಳುವ ಮೊದಲೇ ಕೊಡುವ ಹಾಗೆ ಇಟ್ಟುಕೊಂಡಿರು ಎಂದು ಬರೆದಿದ್ದೇನೆ. ಝೆರಾಕ್ಸ್ ಅಂಗಡಿಯ ಮುಂದೆ ಸಿಕ್ಕ ಮಕ್ಕಳಿಗೂ ಅದನ್ನೇ ಹೇಳಿದೆ. ಇಬ್ಬರು ಕೇಳಿಸಿಕೊಂಡರು, ಉಳಿದವರು ಮೊಬೈಲ್ ನೋಡಿದರು.

ಅಲ್ಲಿಂದ ಠಾಣೆಯ ಪಿಂಚಣಿ ಕಚೇರಿಗೆ ಹೋದೆ. ನನ್ನ ಪಿಂಚಣಿಯ ಬಾಕಿ ಒಂದು ಸಹಿಗಾಗಿ ಹಲವು ತಿಂಗಳಿಂದ ಕಾದಿತ್ತು. ಬೆಂಚಿನ ಮೇಲೆ ನನ್ನಂಥವರೇ ಇನ್ನೂ ಮೂವರು. ಕಿಟಕಿಯ ತರುಣ ವಿನಯದಿಂದಲೇ ಹೇಳಿದ: “ಆಜೋಬಾ, ಸಾಹೇಬಾಂಚ್ಯಾ ಸಹೀಲಾ ಅಜೂನ್ ಅವಕಾಶ್ ಆಹೆ.” ಅಜ್ಜಾ, ಸಾಹೇಬರ ಸಹಿಗೆ ಇನ್ನೂ ಹೊತ್ತಿದೆ ಎಂದು. ಮೂವರೂ ಮೊಣಕಾಲು ಹಿಡಿದುಕೊಂಡು ಏಳತೊಡಗಿದರು.

“ಬಸಾ, ಬಸಾ,” ಎಂದೆ. “ಎಲ್ಲಿಗೂ ಹೋಗುವುದು ಬೇಡ.”

ನಾಲ್ವರೂ ಕೂತೆವು. ಎರಡೂ ಮುಕ್ಕಾಲಿಗೆ ಸಾಹೇಬರು ಹೊರಗೆ ಬಂದರು, ಸಾಲಾಗಿ ಕೂತ ನಾಲ್ಕು ಬೋಳುತಲೆಗಳನ್ನು ಕಂಡು ನಿಂತರು, ಇವರೆಲ್ಲ ಯಾರು ಎಂದು ಕೇಳಿದರು. ನಿಂತಲ್ಲೇ ನಾಲ್ಕೂ ಕಾಗದಕ್ಕೆ ಸಹಿ ಬಿತ್ತು.

ಮೆಟ್ಟಿಲಿಳಿಯುವಾಗ ಆ ಮೂವರಲ್ಲಿ ಕಲ್ಯಾಣದಿಂದ ಬಂದಿದ್ದವರೊಬ್ಬರು ನನ್ನ ಕೈ ಕುಲುಕಿ, “ಸಾಹೇಬ್, ಈ ವಿದ್ಯೆ ಯಾವ ಆಫೀಸಿನಲ್ಲಿ ಕಲಿತಿರಿ?” ಎಂದರು.

“ಆಫೀಸಿನಲ್ಲಲ್ಲ,” ಎಂದೆ, ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ. “ನಮ್ಮ ಹುಡುಗಿಯೊಬ್ಬಳು ಕಲಿಸಿದ್ದು.”