ಸುಮಾರು ಮೂವತ್ನಾಲ್ಕು

ನಮ್ಮ ಬೀದಿಯ ದರ್ಜಿಯನ್ನು ಎಲ್ಲರೂ ಮಾಸ್ತರು ಎಂದೇ ಕರೆಯುವುದು. ಪಾಠ ಹೇಳಿದವರಲ್ಲ, ಆದರೆ ಅವರ ಕೈಗೆ ಟೇಪು ಬಂತೆಂದರೆ ಎದುರಿಗಿದ್ದವನು ತಾನಾಗಿಯೇ ನೆಟ್ಟಗೆ ನಿಲ್ಲುತ್ತಾನೆ. ಅಂಗಡಿ ಎಂದರೆ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಒಂದು ನಿಲುವುಗನ್ನಡಿ. ಕನ್ನಡಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಅವರ ಹೆಂಡತಿ, ಆಕೆಯ ತೊಡೆಯ ಮೇಲೆ ಅಳತೆ ಪುಸ್ತಕ. ಮಾಸ್ತರು ಅಳೆದು ಕೂಗುತ್ತಾರೆ, ಆಕೆ ಬರೆದುಕೊಳ್ಳುತ್ತಾರೆ. ಮೂವತ್ತು ವರ್ಷದಿಂದ ಸಂಸಾರ ಹೀಗೇ ನಡೆದಿದೆ. "ಗಂಡ ಹೇಳಿದ್ದನ್ನ ಹಾಗ್ಹಾಗೇ ಬರ್ಕೊಳ್ಳೋ ಹೆಂಡತಿ ಈ ಊರಲ್ಲಿ ನಾನೊಬ್ಬಳೇ" ಎಂದು ಆಕೆ ಹೇಳುವುದುಂಟು. ಅದೆಂಥ ಸುಳ್ಳು ಎಂದು ನನಗೆ ಗೊತ್ತಾದದ್ದು ಹೋದ ತಿಂಗಳು.

ಮಾಸ್ತರ ಕೂಗು ಬೀದಿಯವರೆಗೆ ಕೇಳುತ್ತದೆ. ನನ್ನನ್ನು ಅಳೆದಾಗಲೆಲ್ಲ ಒಂದೇ ಮಾತು: "ಸೊಂಟ ಮೂವತ್ನಾಲ್ಕು, ಸುಮಾರು. ಎದೆ ನಲವತ್ತು, ಅಂದಾಜು." ನಾನು ಈ ಎರಡು ಅಂಕಿಗಳನ್ನು ಮನೆಗೆ ತಂದು ಊಟದ ಹೊತ್ತಿಗೆ ಎಲ್ಲರಿಗೂ ಬಡಿಸುತ್ತಿದ್ದೆ. "ಮದುವೆಯಲ್ಲಿದ್ದ ಸೊಂಟವೇ ಈಗಲೂ. ನಾಲಿಗೆ ಮೇಲೆ ಹಿಡಿತ ಇರ್ಬೇಕು" ಎನ್ನುತ್ತಾ ಮೂರನೆಯ ಸಲ ಹಾಕಿಸಿಕೊಳ್ಳುತ್ತಿದ್ದೆ. ಹೆಂಡತಿ ನನ್ನ ಹೊಟ್ಟೆಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ ಅನ್ನ ಹಾಕುತ್ತಿದ್ದಳು. ಮಗಳು ಮಾತ್ರ ನಂಬುತ್ತಿದ್ದಳು.

ಮಗಳಿಗೆ ಹದಿನೈದು. ಶಾಲೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮನ್ನು ಯಾವಾಗಲೂ ಹುಡುಗರೇ ಬಾರಿಸುವುದು. ಹುಡುಗಿಯರಿಗೆ ಕೊಳಲು, ಇಲ್ಲವೇ ಮುಂದೆ ನಿಂತು ಕೋಲು ಬೀಸುವುದು. ಇವಳು ಹಟ ಹಿಡಿದು, ಬಾರಿಸಿ ತೋರಿಸಿ, ಡ್ರಮ್ಮನ್ನು ಗೆದ್ದುಕೊಂಡಳು. ಜೊತೆಗೆ ಬಂದದ್ದು ಹೋದ ವರ್ಷ ಡ್ರಮ್ ಬಾರಿಸಿದ ಹುಡುಗನಿಗೆ ನಮ್ಮ ಮಾಸ್ತರೇ ಹೊಲಿದಿದ್ದ ಕೆಂಪು ಕೋಟು. ಹಾಕಿ ನೋಡಿದರೆ ಸೊಂಟದ ಗುಂಡಿ ಕಾಜಾದವರೆಗೆ ಬರಲಿಲ್ಲ. ಈಗ ಕಹಳೆ ಊದುತ್ತಿರುವ ಅದೇ ಹುಡುಗ, "ಡ್ರಮ್ ಹಿಂದೆ ಇನ್ನೊಂದು ಡ್ರಮ್ ನೋಡ್ರೋ" ಅಂದನಂತೆ.

ಇದನ್ನು ಅವಳು ನಮಗೆ ಹೇಳಲಿಲ್ಲ. ಊಟ ಬಿಟ್ಟಳು. ಮಧ್ಯಾಹ್ನದ ಡಬ್ಬಿ ಹೋದಂತೆಯೇ ವಾಪಸು ಬರತೊಡಗಿತು. ಬರೀ ನೀರು ಕುಡಿದು ಸೊಂಟ ಕರಗಿಸಿಕೊಂಡ ಯಾರೋ ಹೆಂಗಸನ್ನು ಫೋನಿನಲ್ಲಿ ನೋಡುತ್ತಾ ಕೂರುತ್ತಿದ್ದಳು. ಅಭ್ಯಾಸದ ವೇಳೆ ತಲೆ ಸುತ್ತಿ ಕುಸಿದಳೆಂದು ಶಾಲೆಯಿಂದ ಕರೆ ಬಂದ ಮೇಲೆಯೇ ನನಗೆ ಎಚ್ಚರವಾದದ್ದು.

"ಕೋಟನ್ನ ಮಾಸ್ತರ ಹತ್ರ ಬಿಚ್ಚಿಸಿ ಸಡಿಲ ಮಾಡಿಸೋಣ" ಎಂದೆ.

"ಬೇಡ. ಅದು ಇದ್ದ ಹಾಗೇ ನನಗೆ ಹತ್ತಬೇಕು, ಇಲ್ಲದಿದ್ರೆ ಡ್ರಮ್ ವಾಪಸ್ ಕೊಡ್ತೀನಿ. ನಾಲಿಗೆ ಮೇಲೆ ಹಿಡಿತ ಇರ್ಬೇಕು ಅಂತ ನೀನೇ ಹೇಳ್ತೀಯಲ್ಲಪ್ಪ."

ನನ್ನ ಮಾತಿಗೆ ನಾನೇ ಸಿಕ್ಕಿಬಿದ್ದಾಗ ಏನಾದರೂ ದಡ್ಡತನದ ಮಾತಾಡುವುದು ನನ್ನ ಅಭ್ಯಾಸ. "ಎಷ್ಟು ಇಳಿದಿದ್ದೀಯ ಅಂತಾದ್ರೂ ಗೊತ್ತಾಗಲಿ, ಬರೀ ಅಳತೆ ಕೊಟ್ಟು ಬರೋಣ ಬಾ" ಎಂದೆ. ಆ ಮಾತಿಗೆ ತಕ್ಷಣ ಹೊರಟಳು.

ಮಾಸ್ತರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಟೇಪು ಸುತ್ತಿದರು. "ಸೊಂಟ ಇಪ್ಪತ್ತೆಂಟು, ಸುಮಾರು."

ಕೋಟಿನ ಅಳತೆಯೂ ಇಪ್ಪತ್ತೆಂಟೇ. ವಾರಗಳ ನಂತರ ಅವಳ ಮುಖ ಅರಳಿತು. ಚೀಲದಿಂದ ಕೋಟು ತೆಗೆದು ತೊಟ್ಟಳು. ಗುಂಡಿಗೂ ಕಾಜಾಕ್ಕೂ ನಡುವೆ ನಾಲ್ಕು ಬೆರಳು ಜಾಗ ಮೊದಲಿನಂತೆಯೇ ಇತ್ತು. ಕನ್ನಡಿ ನೋಡಿದಳು. ಆಮೇಲೆ ಕತ್ತು ಚಾಚಿ ಸ್ಟೂಲಿನ ಕಡೆ ನೋಡಿದಳು.

"ಆಂಟಿ, ಮಾಸ್ಟ್ರು ಹೇಳಿದ್ದು ಇಪ್ಪತ್ತೆಂಟು. ನೀವು ಬರ್ಕೊಂಡಿರೋದು ಮೂವತ್ತೆರಡು."

ಮಾಸ್ತರು ಟೇಪನ್ನು ಕೊರಳಿಗೆ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಬಾಯಿ ಬಿಟ್ಟದ್ದು ಹೆಂಡತಿಯೇ. "ಸುಮಾರು ಅಂದ್ರೆ ನಾಲ್ಕು ಸೇರಿಸ್ಕೋ, ಅಂದಾಜು ಅಂದ್ರೆ ನಾಲ್ಕು ಕಳಿ. ಮದುವೆಯಾದ ವಾರಕ್ಕೇ ಇವರು ಹೇಳಿಕೊಟ್ಟ ಪಾಠ. ಯಾರ ಹೊಟ್ಟೆನೂ ಬೀದಿಗೆ ಕೇಳೋ ಹಾಗೆ ಕೂಗಬಾರದಂತೆ."

ನಾನು ಲೆಕ್ಕದಲ್ಲಿ ಮೊದಲಿಂದಲೂ ಹಿಂದೆ. ಈ ಲೆಕ್ಕ ಮಾತ್ರ ಬೇಡವೆಂದರೂ ತಾನಾಗಿಯೇ ಆಗತೊಡಗಿತು. ಮಗಳು ನನಗಿಂತ ಬೇಗ ಮುಗಿಸಿದಳು. "ಸೊಂಟ ಮೂವತ್ತೆಂಟು, ಎದೆ ಮೂವತ್ತಾರು. ಅಪ್ಪಾ, ನಿನ್ನ ಹೊಟ್ಟೆ ಎದೆಗಿಂತ ಎರಡಿಂಚು ಮುಂದಿದೆ."

ಮಾಸ್ತರ ಹೆಂಡತಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಪುಸ್ತಕ ಅಲುಗಾಡುತ್ತಿತ್ತು. ಮಗಳೂ ನಕ್ಕಳು, ನಗುತ್ತಿದ್ದವಳು ಹಾಗೇ ಅತ್ತಳು. "ಹಾಗಾದ್ರೆ ನಾನು ಇಷ್ಟು ದಿನ ಊಟ ಬಿಟ್ಟಿದ್ದು ಯಾರ ಸೊಂಟ ನೋಡ್ಕೊಂಡು?"

ಮಾಸ್ತರು ಯಂತ್ರದ ಮುಂದೆ ಕೂತರು. "ದೊಡ್ಡವರಿಗೆ ಈ ಸುಳ್ಳು ಸಾಕಾಗ್ತಿತ್ತಮ್ಮ, ಖುಷಿಯಾಗಿ ಹೋಗೋರು. ಮೊದಲೆಲ್ಲ ಮೈ ತರ್ತಿದ್ರು, ನಾನು ಬಟ್ಟೆ ಹೊಲೀತಿದ್ದೆ. ಈಗ ನಿಮ್ಮ ವಯಸ್ಸಿನೋರು ಫೋನಲ್ಲಿ ಬಟ್ಟೆ ತೋರಿಸ್ತಾರೆ, ನಾನು ಮೈ ಹೊಲೀಬೇಕು. ಹುಡುಗಿ ಕಡಿಮೆ ಹೇಳಿ ಅಂತಾಳೆ, ಹುಡುಗ ಜಾಸ್ತಿ ಹೇಳಿ ಅಂತಾನೆ. ಸುಳ್ಳು ಹೇಳಿದ್ರೆ ಒಳ್ಳೇದೋ, ನಿಜ ಹೇಳಿದ್ರೆ ಒಳ್ಳೇದೋ, ನನಗೇ ತಿಳೀತಿಲ್ಲ."

ಕೈ ಸುಮ್ಮನಿರಲಾರದೆ ಅವರು ಕೋಟನ್ನು ಇಸಿದುಕೊಂಡು ಒಳಗಿನ ಲೈನಿಂಗ್ ಬಿಚ್ಚತೊಡಗಿದರು. "ರೀ, ಅದು..." ಎಂದು ಹೆಂಡತಿ ಅನ್ನುವಷ್ಟರಲ್ಲಿ ಎದೆಯ ಭಾಗದಿಂದ ಎರಡು ಹಿಡಿ ಹತ್ತಿ ನೆಲಕ್ಕೆ ಬಿತ್ತು.

ಮಗಳು ಹತ್ತಿಯನ್ನು ಎತ್ತಿಕೊಂಡಳು. "ಅವನ ಎದೆ ಎಷ್ಟು ಆಂಟಿ?"

ಆಕೆ ಪುಸ್ತಕ ಮುಚ್ಚಿದರು. "ನಿನ್ನದನ್ನ ನೀನು ನೋಡಿದೆ. ಸಾಕು."

ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಹತ್ತಿಯನ್ನು ಲಕೋಟೆಯಲ್ಲಿಟ್ಟು ಶಾಲೆಗೆ ಒಯ್ಯುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡಿದ್ದು, ಚೂರುಬಟ್ಟೆಯ ಬುಟ್ಟಿಗೆ ಹಾಕಿದಳು. "ಮಾಸ್ಟ್ರೇ, ಇನ್ನೊಂದ್ಸಲ ಅಳೀರಿ. ಸುಮಾರು ಬೇಡ."

ಮಾಸ್ತರು ಅಳೆದು ಅಂಕಿ ಹೇಳಿದರು. ಬೀದಿಗೆ ಕೇಳುವ ಗಂಟಲು ಈ ಸಲ ಪಕ್ಕದಲ್ಲಿದ್ದ ಹೆಂಡತಿಗೂ ಕೇಳಲಿಲ್ಲ.

"ಜೋರಾಗಿ ಹೇಳಿ" ಎಂದಳು ಮಗಳು.

"ಮೂವತ್ತೆರಡು" ಎಂದರು ಮಾಸ್ತರು. ಬಾಗಿಲ ಮುಂದೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನು ತಿರುಗಿಯೂ ನೋಡಲಿಲ್ಲ. ಮಗಳು ಅವನನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ, "ಸರಿ, ಬಿಚ್ಚಿ" ಎಂದಳು.

ಬೆಳೆಯುವ ಮಕ್ಕಳ ಬಟ್ಟೆ ಎಂದು ಮಾಸ್ತರು ಎರಡೂ ಪಕ್ಕಕ್ಕೆ ಎರಡೆರಡಿಂಚು ಒಳಗೇ ಮಡಚಿಟ್ಟಿದ್ದರು. ಕೋಟು ಹತ್ತಿತು. ಡ್ರಮ್ ಅವಳಲ್ಲೇ ಉಳಿಯಿತು. ಈಗ ದಿನಾ ಅಭ್ಯಾಸಕ್ಕೆ ಹೋಗುತ್ತಾಳೆ. ನಾನು ಊಟದ ಹೊತ್ತಿನಲ್ಲಿ ಸೊಂಟದ ಮಾತೆತ್ತುವುದಿಲ್ಲ. ಆದರೆ ಮೊನ್ನೆ ಪ್ಯಾಂಟಿಗೆ ಅಳತೆ ಕೊಡುವಾಗ, "ಸಾರ್, ನಿಜ ಕೂಗ್ಲೋ, ಸುಮಾರು ಕೂಗ್ಲೋ?" ಎಂದು ಮಾಸ್ತರು ಕೇಳಿದ್ದಕ್ಕೆ, ಅಕ್ಕಪಕ್ಕ ನೋಡಿ, "ಸುಮಾರೇ ಇರಲಿ" ಎಂದುಬಿಟ್ಟೆ.

ಡಬ್ಬಿ ಈಗ ಖಾಲಿಯಾಗಿ ಬರುತ್ತದೆ. ಅವಳೇ ತಿಂದಳೋ, ಗೆಳತಿಗೆ ಕೊಟ್ಟಳೋ? ನಿನ್ನೆ ಕೇಳಿಯೇಬಿಟ್ಟೆ.

"ಸುಮಾರಾಗಿ ತಿಂದೆ ಅಪ್ಪಾ" ಎಂದಳು, ನಗುತ್ತಾ.

ಮಾಸ್ತರ ಲೆಕ್ಕದಲ್ಲಾದರೆ ಇನ್ನೂ ನಾಲ್ಕು ತುತ್ತು ಸೇರಿಸಿಕೊಳ್ಳಬೇಕು. ಮಗಳದು ಯಾವ ಲೆಕ್ಕವೋ ತಿಳಿಯದೆ, ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ನೋಡುತ್ತಾ ನಿಂತೆ.